ಗಣಕಯಂತ್ರಗಳಿಗೆ ಜಂಕ್ಷನ್ ಕಟ್ಟಿದ ಗ್ಯಾರಿ ಕಿಲ್ಡಾಲ್

ಮುಂಬಯಿ ಪುಣೆಗಳಿಂದ ಸೊಲ್ಲಾಪುರ, ಕಲಬುರ್ಗಿ, ವಾಡಿಗಳ ಮಾರ್ಗವಾಗಿ ಊರಿಗೆ ಹೋಗಿಬರುವ ನಮ್ಮ ವಾಚಕರಿಗೆ ದೌಂಡ ಜಂಕ್ಷನ್ನಿನ ಪರಿಚಯ ಹೇಳಬೇಕಾಗಿಲ್ಲ. ಪುಣೆಯ ಪೂರ್ವಕ್ಕೆ ಸುಮಾರು ೭೫ ಕಿಲೋಮೀಟರು ದೂರದಲ್ಲಿ, ಮುಂದೆ ನಮ್ಮ ನಾಡನ್ನೇ ಹೊಕ್ಕು ಕೃಷ್ಣೆಯನ್ನು ಸೇರುವ ಭೀಮಾ ನದಿಯ ದಂಡೆಯ ಮೇಲಿರುವ ಊರು ಅದು. ರಾತ್ರಿಯಲ್ಲಿ ಗಾಡಿ ಅಲ್ಲಿ ನಿಂತಾಗ ಚಹದವನ ಕೂಗಿಗೆ ಎಚ್ಚರಗೊಂಡು ಮತ್ತೆ ಮಗ್ಗುಲು ಬದಲಿಸಿದವರೇ ನಮ್ಮಲ್ಲಿ ಹೆಚ್ಚು. ಮನಮಾಡದ ಕಡೆಯಿಂದ ಪುಣೆಗೆ ಹೋಗುವ ಗಾಡಿಗಳು ಬಹುಕಾಲದವರೆಗೆ ಇಲ್ಲಿ ಇಂಜಿನನ್ನು ಬಿಚ್ಚಿ, ಇನ್ನೊಂದು ಕೊನೆಗೆ ತಗುಲಿಸಿಕೊಂಡು, ಬಂದ ದಿಕ್ಕಿಗೇ ಮುಖ ತಿರುಗಿಸಿ ಮುಂದುವರಿಯಬೇಕಾಗಿತ್ತು. ಈಚಿನ ವರ್ಷಗಳಲ್ಲಿ ಊರ ಬದಿಯಲ್ಲಿ ಒಂದು ಜೋಡುಹಳಿಯನ್ನು ಹಾಕಿದ ಮೇಲೆ ಹಲವು ಗಾಡಿಗಳಿಗೆ ಆ ತೊಡಕು ತಪ್ಪಿದೆ. ಬಾರಾಮತಿಯ ಹಳಿಯ ಕಥೆ ಇದಕ್ಕಿಂತಲೂ ಕಷ್ಟದ್ದಾಗಿತ್ತು. ಅದು ಮೊದಲು ಕಿರುಹಳಿ. ಮುಖ್ಯ ಮಾರ್ಗವಾದರೋ ಅಗಲಹಳಿ. ಬಾರಾಮತಿಯಿಂದ ಬಂದ ಮೂಟೆಯು ಮುಂಬಯಿಗೆ ಹೋಗಬೇಕಾದರೆ ದೌಂಡದಲ್ಲಿ ಒಂದು ಡಬ್ಬಿಯಿಂದ ಇಳಿದು, ಹಮಾಲರ ಹೆಗಲೇರಿ, ಇನ್ನೊಂದು ಡಬ್ಬಿಯನ್ನು ಸೇರಬೇಕು. ಮಾಲು ಅದೇ, ಕೊಳ್ಳುವವನೂ ಅವನೇ; ಹಳಿಗಳ ನಡುವಣ ಅಂತರ ಬೇರೆಯೆಂಬ ಒಂದೇ ಕಾರಣಕ್ಕೆ ಅಷ್ಟು ಶ್ರಮ. ಇಂದು ಆ ಹಳಿಯೂ ಅಗಲವಾಗಿದೆ. ಹೊರೆ ಬದಲಿಸುವ ಕೆಲಸ ಹಳಬರ ನೆನಪಿನಲ್ಲಿ ಮಾತ್ರ ಉಳಿದಿದೆ.

ಐವತ್ತು ವರ್ಷಗಳ ಹಿಂದೆ, ಮೇಜಿನ ಮೇಲೆ ಇಡಬಹುದಾದ ಸಣ್ಣ ಗಣಕಯಂತ್ರಗಳು ಹುಟ್ಟಿದ ಕಾಲದಲ್ಲಿ, ಅವುಗಳ ಸ್ಥಿತಿಯೂ ಹೀಗೆಯೇ ಇತ್ತು. ಒಬ್ಬ ತಯಾರಕನ ಯಂತ್ರಕ್ಕೆ ಬರೆದ ಪ್ರೋಗ್ರಾಮು ಇನ್ನೊಬ್ಬನ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಕೂಡುವುದು ಕಳೆಯುವುದು ಎಲ್ಲೆಡೆಯೂ ಒಂದೇ ಆದರೂ ಪ್ರತಿಯೊಂದು ಯಂತ್ರಕ್ಕೂ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿತ್ತು. ಆ ಹೊರೆ ಬದಲಿಸುವ ಕಷ್ಟವನ್ನು ತಪ್ಪಿಸಿದವರು ಗ್ಯಾರಿ ಕಿಲ್ಡಾಲರು. ಗಣಕಯಂತ್ರದ ವೃತ್ತಿಯಲ್ಲಿರುವವರೆಲ್ಲ ಅವರ ಹೆಸರನ್ನು ಬಲ್ಲರು. ಆದರೆ ಬಲ್ಲವರಲ್ಲಿ ಹಲವರು ಅವರನ್ನು ನೆನೆಯುವುದು ಅವರು ಕಟ್ಟಿದುದಕ್ಕಾಗಿ ಅಲ್ಲ, ಕಳೆದುಕೊಂಡುದಕ್ಕಾಗಿ. ಈ ಅನ್ಯಾಯವನ್ನು ಕಿಂಚಿತ್ತಾದರೂ ಸರಿಪಡಿಸುವ ಉದ್ದೇಶದಿಂದ ಅವರ ಜೀವನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಗಣಕಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಕಾರ್ಯಾಚರಣ ವ್ಯವಸ್ಥೆಯೆಂದು ನಮ್ಮವರು ಕನ್ನಡಿಸಿದ್ದಾರೆ. ಅದೇನೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ತಿಳಿಸುವುದು ಕಷ್ಟವಲ್ಲ. ಮಾಣಿ ಎರಡು ಪ್ಲೇಟು ಇಡ್ಲಿಗೆ ಕೂಗು ಹಾಕುತ್ತಾನೆ. ಒಳಗೆ ಉರಿಯುತ್ತಿರುವುದು ಸೌದೆಯೊಲೆಯೋ ಗ್ಯಾಸಿನ ಒಲೆಯೋ, ಅಕ್ಕಿಯ ಚೀಲ ಉಗ್ರಾಣದ ಯಾವ ಮೂಲೆಯಲ್ಲಿದೆಯೋ, ಅವನಿಗೆ ತಿಳಿಯಬೇಕಾಗಿಲ್ಲ. ಉಗ್ರಾಣದ ಪಟ್ಟಿ, ಒಲೆಯ ಸರದಿ, ಯಾವ ಮೇಜಿಗೆ ಯಾವ ತಟ್ಟೆ ಎಂಬುದನ್ನೆಲ್ಲ ನಡುವೆ ನಿಂತು ನೋಡಿಕೊಳ್ಳುವವನೊಬ್ಬನಿರುತ್ತಾನೆ. ಹೆಸರು ಮಾಡಿದ ಅಡುಗೆಯವನೇ ಬಿಟ್ಟುಹೋದರೂ ಹೋಟೆಲು ನಾಲ್ಕು ದಿನ ನಡೆದೀತು. ಈತನಿಲ್ಲದಿದ್ದರೆ ಮಧ್ಯಾಹ್ನದೊಳಗೆ ಗದ್ದಲವಾಗುತ್ತದೆ. ಗಣಕಯಂತ್ರದಲ್ಲಿ ಕಾರ್ಯಾಚರಣ ವ್ಯವಸ್ಥೆಯ ಕೆಲಸವೂ ಅದೇ.

ಗ್ಯಾರಿ ಕಿಲ್ಡಾಲರು ೧೯೪೨ನೆಯ ಇಸವಿ ಮೇ ೧೯ರಂದು ಅಮೆರಿಕದ ವಾಯವ್ಯ ತೀರದ ಸಿಯಾಟಲ್ ನಗರದಲ್ಲಿ ಜನಿಸಿದರು. ಅಜ್ಜ ಸ್ಥಾಪಿಸಿದ ನೌಕಾ ಶಾಲೆಯೊಂದು ಅವರ ಮನೆತನದ ಜೀವನೋಪಾಯವಾಗಿತ್ತು. ಹಡಗು ನಡೆಸುವವರಿಗೆ ನಕ್ಷತ್ರ ನೋಡಿ ದಾರಿ ಗುರುತಿಸುವ ಗಣಿತವನ್ನು ಅಲ್ಲಿ ಕಲಿಸುತ್ತಿದ್ದರು. ತಂದೆಯೂ ಅಲ್ಲಿಯೇ ಅಧ್ಯಾಪಕರು. ಹುಡುಗನಾದರೋ ಓದಿನಲ್ಲಿ ಮಂದ. ಹಳೆಯ ಮೋಟಾರು ಗಾಡಿಗಳನ್ನು ಬಿಚ್ಚಿ ಜೋಡಿಸುವುದರಲ್ಲಿ, ತಂತಿ ಸುರುಳಿಗಳೊಡನೆ ಆಡುವುದರಲ್ಲಿ ಇದ್ದ ಆಸಕ್ತಿ ಪುಸ್ತಕದಲ್ಲಿರಲಿಲ್ಲ. ಶಾಲೆ ಮುಗಿದ ಮೇಲೆ ಮನೆಯ ನೌಕಾ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಿದಾಗ ಗಣಿತದ ರುಚಿ ಹತ್ತಿತು. ತಾನು ಮಂದನೆಂದು ತಿಳಿದುಕೊಂಡಿದ್ದವನು ಇನ್ನೊಬ್ಬರಿಗೆ ಕಲಿಸಹೊರಟು ತಾನೇ ಕಲಿತ ಉದಾಹರಣೆಗಳು ನಮ್ಮ ಮುಂಬಯಿಯ ರಾತ್ರಿ ಶಾಲೆಗಳಲ್ಲಿಯೂ ಇಲ್ಲದಿಲ್ಲ.

ಗಣಿತದ ಅಧ್ಯಾಪಕರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದವರು ಅಲ್ಲಿ ಗಣಕಯಂತ್ರವನ್ನು ಕಂಡರು. ಮತ್ತೆ ಹಿಂದಿರುಗಿ ನೋಡಲಿಲ್ಲ. ತಂದೆಯ ಶಾಲೆಗಾಗಿ ಸಮುದ್ರದ ಉಬ್ಬರವಿಳಿತಗಳ ಕೋಷ್ಟಕವನ್ನು ಯಂತ್ರದಿಂದ ಲೆಕ್ಕ ಮಾಡಿಸಿದುದು ಅವರ ಮೊದಲ ಕೆಲಸಗಳಲ್ಲೊಂದು. ಶಾಲೆಯ ದಿನಗಳಿಂದಲೂ ಪರಿಚಿತಳಾಗಿದ್ದ ಡೊರೊತಿ ಮೆಕ್‌ಯೂಯನ್ ಎಂಬವಳನ್ನು ವಿವಾಹವಾದರು. ಅದು ವಿಯೆಟ್ನಾಮ್ ಯುದ್ಧದ ಕಾಲ. ಸೈನ್ಯದ ಕಡ್ಡಾಯ ಸೇವೆಯನ್ನು ಅವರು ಬಂದೂಕು ಹಿಡಿದಲ್ಲ, ಸೀಮೆಸುಣ್ಣ ಹಿಡಿದು ಪೂರೈಸಿದರು. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಉನ್ನತ ವಿದ್ಯಾಲಯದಲ್ಲಿ ಅಧ್ಯಾಪಕರಾಗಿ, ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಕಡಲೂರಿನಲ್ಲಿ ನೆಲೆಸಿದರು. ೧೯೭೨ರಲ್ಲಿ ಡಾಕ್ಟರೇಟು ಬಂತು. ಪ್ರೋಗ್ರಾಮುಗಳನ್ನು ಯಂತ್ರವೇ ಪರಿಶೀಲಿಸಿ ಚುರುಕುಗೊಳಿಸುವ ವಿಧಾನದ ಮೇಲೆ ೧೯೭೩ರಲ್ಲಿ ಅವರು ಪ್ರಕಟಿಸಿದ ಲೇಖನವನ್ನು ಇಂದಿಗೂ ಆ ಶಾಸ್ತ್ರದ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಮುಂದೆ ಅವರನ್ನು ವ್ಯಾಪಾರಕ್ಕೆ ಬಾರದವರೆಂದು ಹಾಸ್ಯ ಮಾಡಿದವರು ಈ ಲೇಖನವನ್ನು ಓದಿದ್ದಂತೆ ಕಾಣುವುದಿಲ್ಲ.

ಇಂಟೆಲ್ ಎಂಬ ಕಂಪನಿ ೧೯೭೧ರಲ್ಲಿ, ಗಣಕಯಂತ್ರದ ಮೆದುಳನ್ನೆಲ್ಲ ಉಗುರಿನಷ್ಟು ಅಗಲದ ಒಂದು ಸಿಲಿಕಾನ್ ಚೂರಿನ ಮೇಲೆ ಅಡಗಿಸಿ ಮಾರಾಟಕ್ಕೆ ತಂದಿತು. ಅದರ ಬೆಲೆ ಇಪ್ಪತ್ತೈದು ಡಾಲರೆಂಬ ಜಾಹೀರಾತು ಕಿಲ್ಡಾಲರ ಕಣ್ಣಿಗೆ ಬಿತ್ತು. ಲಕ್ಷಾಂತರ ಡಾಲರು ಬೆಲೆಯ ದೊಡ್ಡ ಯಂತ್ರಗಳನ್ನೇ ಕಂಡವರಿಗೆ ಇದೊಂದು ಆಟಿಕೆ, ಕಿಲ್ಡಾಲರಿಗೆ ಹಾಗೆನಿಸಲಿಲ್ಲ. ಪಾಠವಿಲ್ಲದ ದಿನಗಳಲ್ಲಿ ಇಂಟೆಲಿಗೆ ಹೋಗಿ ಸಲಹೆಗಾರರಾಗಿ ದುಡಿದರು. ಈ ಚೂರುಗಳಿಗೆ ಮನುಷ್ಯರು ಸುಲಭವಾಗಿ ಆಜ್ಞೆ ಬರೆಯಲೆಂದು ಪಿಎಲ್/ಎಂ ಎಂಬ ಭಾಷೆಯನ್ನು ರಚಿಸಿಕೊಟ್ಟರು. ಕಂಪನಿಯು ಪ್ರತಿಫಲವಾಗಿ ಒಂದು ಸಣ್ಣ ಗಣಕಯಂತ್ರವನ್ನೇ ಕೊಟ್ಟಿತು. ಅದನ್ನು ತಂದು ಪಾಠದ ಕೊಠಡಿಯಲ್ಲಿರಿಸಿ ವಿದ್ಯಾರ್ಥಿಗಳ ಕೈಗೂ ಒಪ್ಪಿಸಿದರು.

ಇಲ್ಲಿ ಒಂದು ಕೌತುಕದ ಸಂಗತಿಯನ್ನು ಹೇಳದೆ ಹೋಗಲಾರೆವು. ಆ ದಿನಗಳಲ್ಲಿ ಬೆನ್ ಕೂಪರ್ ಎಂಬ ಮಿತ್ರರೊಡನೆ ಕೂಡಿ ಕಿಲ್ಡಾಲರು ಜಾತಕ ಬರೆಯುವ ಯಂತ್ರವೊಂದಕ್ಕೆ ಕೈಹಾಕಿದರು. ನಾಣ್ಯ ಹಾಕಿ ಜನ್ಮದಿನವನ್ನು ತಿರುಗಿಸಿದರೆ ಫಲವನ್ನು ಅಚ್ಚು ಹಾಕಿ ಕೊಡುವ ಪೆಟ್ಟಿಗೆ ಅದು. ವ್ಯಾಪಾರ ನಡೆಯಲಿಲ್ಲ. ನಮ್ಮ ದೇಶದಲ್ಲಿ ಯಾವ ಜಾತ್ರೆಯಲ್ಲಿಟ್ಟಿದ್ದರೂ ಅದಕ್ಕೆ ಸಾಲು ಹತ್ತುತ್ತಿತ್ತೆಂದು ನಮಗನಿಸುತ್ತದೆ, ಅದಿರಲಿ.

ಆ ಕಾಲದ ಸಣ್ಣ ಯಂತ್ರಕ್ಕೆ ಒಂದು ದೊಡ್ಡ ಕೊರತೆಯಿತ್ತು. ಬರೆದುದನ್ನು ಕಾಪಿಡಲು ಕಾಗದದ ಪಟ್ಟಿಯಲ್ಲಿ ತೂತು ಕೊರೆಯಬೇಕು. ಮತ್ತೆ ಬೇಕಾದಾಗ ಆ ಪಟ್ಟಿಯನ್ನು ಓದಿಸಬೇಕು. ಕೆಲಸಕ್ಕಿಂತ ಕಾಯುವಿಕೆಯೇ ಹೆಚ್ಚು. ದೊಡ್ಡ ಯಂತ್ರಗಳಿಗಾಗಿ ಬಂದಿದ್ದ ಎಂಟು ಅಂಗುಲದ ಮೆದುತಟ್ಟೆ, ಅಂದರೆ ಫ್ಲಾಪಿ ಡಿಸ್ಕು, ಸಣ್ಣ ಯಂತ್ರಕ್ಕೂ ಒದಗೀತೆಂದು ಕಿಲ್ಡಾಲರು ಊಹಿಸಿದರು. ತಟ್ಟೆ ತಿರುಗಿಸುವ ಪೆಟ್ಟಿಗೆಯೊಂದನ್ನು ಶುಗಾರ್ಟ್ ಎಂಬ ಕಂಪನಿಯಿಂದ ಸಂಪಾದಿಸಿದರು. ಅದನ್ನು ಯಂತ್ರಕ್ಕೆ ಜೋಡಿಸುವ ವಿದ್ಯುತ್ ಮಂಡಲವನ್ನು ಕಟ್ಟಲು ಮಾತ್ರ ಅವರಿಗೆ ಸಾಧ್ಯವಾಗಲಿಲ್ಲ. ಎಷ್ಟೋ ಕಾಲ ಆ ಪೆಟ್ಟಿಗೆ ಸುಮ್ಮನೆ ಕುಳಿತಿತ್ತು. ಕಡೆಗೆ ವಿಶ್ವವಿದ್ಯಾನಿಲಯದ ಹಳೆಯ ಮಿತ್ರ ಜಾನ್ ಟೊರೋಡ್ ಅದನ್ನು ಕಟ್ಟಿಕೊಟ್ಟರು. ಅಷ್ಟರಲ್ಲಿ ಕಿಲ್ಡಾಲರು ತಟ್ಟೆಯ ಮೇಲೆ ಕಡತಗಳನ್ನು ಹೆಸರಿಟ್ಟು ಇರಿಸುವ, ತೆಗೆಯುವ, ಅಳಿಸುವ ಪ್ರೋಗ್ರಾಮನ್ನು ಬರೆದಿಟ್ಟಿದ್ದರು. ೧೯೭೪ರಲ್ಲಿ ಇವೆರಡೂ ಕೂಡಿ ನಡೆದುವು. ಅದಕ್ಕೆ ಸಿಪಿ/ಎಂ ಎಂದು ಹೆಸರಾಯಿತು. ಇಂಟೆಲಿಗೆ ತೋರಿಸಿದರು, ಇಂಟೆಲ್ ಭಾಷೆಯನ್ನು ಇಟ್ಟುಕೊಂಡಿತು, ಈ ವ್ಯವಸ್ಥೆಯನ್ನು ಬೇಡವೆಂದಿತು.

ಬೇಡವೆಂದುದೇ ಒಳಿತಾಯಿತು. ಗಂಡ ಹೆಂಡಿರಿಬ್ಬರೂ ಮನೆಯಲ್ಲಿಯೇ ಕಂಪನಿಯೊಂದನ್ನು ತೆರೆದರು. ಅಂತರ್‌ಗ್ಯಾಲಕ್ಸಿ ಡಿಜಿಟಲ್ ರಿಸರ್ಚ್ ಎಂಬ ಅರ್ಥದ ಪರಿಹಾಸದ ಹೆಸರಿಟ್ಟು, ಮುಂದೆ ಡಿಜಿಟಲ್ ರಿಸರ್ಚ್ ಎಂದಷ್ಟೇ ಉಳಿಸಿಕೊಂಡರು. ಗ್ಯಾರಿ ಬರೆಯುವರು, ಡೊರೊತಿ ಪತ್ರ, ಲೆಕ್ಕ, ಕರಾರು, ಟಪಾಲುಗಳನ್ನು ನೋಡಿಕೊಳ್ಳುವಳು. ಹೆಂಡತಿಯೆಂಬ ಕಾರಣಕ್ಕೆ ಕೆಲಸ ಸಿಕ್ಕಿತೆಂದು ಗಿರಾಕಿಗಳು ಭಾವಿಸಬಾರದೆಂದು ಆಕೆ ಕಚೇರಿಯಲ್ಲಿ ತವರಿನ ಹೆಸರನ್ನೇ ಬಳಸಿದಳು. ಸಿಪಿ/ಎಂ ಪ್ರತಿಯೊಂದಕ್ಕೆ ಎಪ್ಪತ್ತು ಡಾಲರು. ಅಂಚೆಯಲ್ಲಿ ಹಣ ಬಂದರೆ ಅಂಚೆಯಲ್ಲಿ ತಟ್ಟೆ ಹೋಗುತ್ತಿತ್ತು. ಗಣಕಯಂತ್ರದ ಚರಿತ್ರೆಗಳಲ್ಲಿ ಆಕೆಯ ಹೆಸರು ಒಂದೆರಡು ಸಾಲುಗಳಿಗಿಂತ ಹೆಚ್ಚು ಬರುವುದಿಲ್ಲ. ಗಲ್ಲೆಯ ಹಿಂದೆ ಕುಳಿತು ಮೂವತ್ತು ವರ್ಷ ಲೆಕ್ಕ ಬರೆದ ಗುಮಾಸ್ತರನ್ನು ಹೋಟೆಲಿನ ಬೆಳ್ಳಿಹಬ್ಬದ ಭಾಷಣಗಳು ಮರೆಯುವಂತೆಯೇ ಇದೂ.

ಈಗ ನಾವು ಮೊದಲು ಹೇಳಿದ ಜಂಕ್ಷನ್ನಿನ ಮಾತಿಗೆ ಬರೋಣ. ಇಮ್ಸಾಯ್ ಎಂಬ ತಯಾರಕರು ತಮ್ಮ ಯಂತ್ರಕ್ಕೆ ಸಿಪಿ/ಎಂ ಬೇಕೆಂದರು. ಅವರ ತಟ್ಟೆಯ ಪೆಟ್ಟಿಗೆ ಬೇರೆ, ಕೀಲಿಮಣೆ ಬೇರೆ. ಇನ್ನೊಬ್ಬರು ಬಂದರು, ಅವರದು ಮತ್ತೂ ಬೇರೆ. ಪ್ರತಿಯೊಬ್ಬರಿಗೂ ಇಡೀ ವ್ಯವಸ್ಥೆಯನ್ನು ತಿದ್ದಿ ತಿದ್ದಿ ಕಿಲ್ಡಾಲರು ಬೇಸತ್ತರು. ಆಗ ಇಮ್ಸಾಯಿನ ಗ್ಲೆನ್ ಯೂಯಿಂಗ್ ಎಂಬವರೊಡನೆ ಕುಳಿತು ಯೋಚಿಸಿ, ವ್ಯವಸ್ಥೆಯನ್ನು ಎರಡಾಗಿ ಒಡೆದರು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಅಂಶಗಳನ್ನೆಲ್ಲ, ಎಂದರೆ ಕೀಲಿಯನ್ನು ಓದುವುದು, ತೆರೆಗೆ ಅಕ್ಷರ ಕಳಿಸುವುದು, ತಟ್ಟೆಯ ಒಂದು ತುಣುಕನ್ನು ಎತ್ತುವುದು ಮೊದಲಾದವನ್ನು, ಒಂದು ಚಿಕ್ಕ ಭಾಗದಲ್ಲಿ ಕೂಡಿಹಾಕಿದರು. ಇದನ್ನು ಬಯಾಸ್ ಎಂದು ಕರೆದರು. ಉಳಿದ ದೊಡ್ಡ ಭಾಗ ಎಲ್ಲ ಯಂತ್ರಗಳಿಗೂ ಒಂದೇ. ನಮ್ಮ ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ, ಊರಿಗೊಂದು ಬಗೆಯ ಒಲೆಯಿರಲಿ, ಒಲೆಯ ಮುಂದೆ ಕೂರುವ ಒಬ್ಬ ಸಹಾಯಕನನ್ನು ಮಾತ್ರ ಬದಲಿಸಿದರೆ ಸಾಕು. ಮಾಣಿಯ ಕೂಗು, ಉಗ್ರಾಣದ ಪಟ್ಟಿ, ಇಡ್ಲಿಯ ಹದ ಯಾವುದೂ ಬದಲಾಗಬೇಕಾಗಿಲ್ಲ. ೧೯೭೭ರಲ್ಲಿ ಇಮ್ಸಾಯ್ ೨೫ ಸಾವಿರ ಡಾಲರು ಕೊಟ್ಟು ಹಕ್ಕನ್ನು ಪಡೆಯಿತು.

ಈ ಒಡೆಯುವಿಕೆಯಿಂದಾದ ಪರಿಣಾಮವನ್ನು ಎಷ್ಟು ಹೇಳಿದರೂ ಕಡಿಮೆಯೇ. ಹದಿನಾರು ಸಾವಿರ ಅಕ್ಷರಗಳು ಹಿಡಿಸುವಷ್ಟೇ ನೆನಪುಳ್ಳ ಯಂತ್ರದಲ್ಲಿಯೂ ಸಿಪಿ/ಎಂ ನಡೆಯುತ್ತಿತ್ತು. ಚಿಕ್ಕ ಚಿಕ್ಕ ತಯಾರಕರು ತಮ್ಮ ಯಂತ್ರಕ್ಕೆ ಬಯಾಸನ್ನು ಬರೆದುಕೊಂಡ ದಿನವೇ ಜಗತ್ತಿನ ಎಲ್ಲ ಸಿಪಿ/ಎಂ ಪ್ರೋಗ್ರಾಮುಗಳೂ ಅವರ ಗಿರಾಕಿಗಳಿಗೆ ದೊರೆಯುವಂತಾದುವು. ಪ್ರೋಗ್ರಾಮು ಬರೆಯುವವನಿಗಂತೂ ಒಮ್ಮೆ ಬರೆದು ನೂರು ಕಡೆ ಮಾರುವ ಮಾರುಕಟ್ಟೆ ಮೊದಲ ಬಾರಿಗೆ ಹುಟ್ಟಿತು. ನಮ್ಮ ಗುಮಾಸ್ತ ಬಂಧುಗಳಲ್ಲಿ ಐವತ್ತು ದಾಟಿದವರು ಟೈಪಿಂಗ್ ಕ್ಲಾಸಿನ ಮುಂದಿನ ಮೆಟ್ಟಿಲಾಗಿ ಕಲಿತ ವರ್ಡ್‌ಸ್ಟಾರ್, ಮಾಲಿನ ಪಟ್ಟಿ ಇಡಲು ಕಲಿತ ಡಿಬೇಸ್, ಇವೆರಡೂ ಮೊದಲು ಹುಟ್ಟಿದುದು ಸಿಪಿ/ಎಂ ಮನೆಯಲ್ಲಿ. ೧೯೮೧ರ ಹೊತ್ತಿಗೆ ಸುಮಾರು ೩,೦೦೦ ಬಗೆಯ ಯಂತ್ರಗಳು ಅದನ್ನು ನಡೆಸುತ್ತಿದ್ದುವು. ಕಂಪನಿಯ ವರ್ಷದ ಆದಾಯ ೫೪ ಲಕ್ಷ ಡಾಲರುಗಳಷ್ಟಾಗಿತ್ತು. ಪೆಸಿಫಿಕ್ ಗ್ರೋವಿನ ಲೈಟ್‌ಹೌಸ್ ರಸ್ತೆಯ ಹಳೆಯ ಮನೆಯೊಂದರಲ್ಲಿ ಅದರ ಕಚೇರಿ ನಡೆಯುತ್ತಿತ್ತು. ಕಿಲ್ಡಾಲರು ಸ್ವಂತ ವಿಮಾನವನ್ನು ಕೊಂಡು ತಾವೇ ಹಾರಿಸುತ್ತಿದ್ದರು.

ಆ ವಿಮಾನವೇ ಅವರ ಹೆಸರಿಗೆ ಕಂಟಕವಾಯಿತು. ೧೯೮೦ರಲ್ಲಿ ಐಬಿಎಂ ಕಂಪನಿ ಗುಟ್ಟಾಗಿ ಒಂದು ಸಣ್ಣ ಯಂತ್ರವನ್ನು ಕಟ್ಟತೊಡಗಿತ್ತು. ದೊಡ್ಡ ಗಣಕಯಂತ್ರಗಳಲ್ಲಿ ಜಗತ್ತಿಗೇ ದೊಡ್ಡಣ್ಣನಾಗಿದ್ದ, ನಮ್ಮ ದೇಶದಿಂದ ೧೯೭೮ರಲ್ಲಿ ಕಾಲ್ತೆಗೆದ ಐಬಿಎಂ ಅದೇ. ಹೊಸ ಯಂತ್ರಕ್ಕೆ ಸಿಪಿ/ಎಂ ಬೇಕಾಗಿತ್ತು. ಅವರು ಮೊದಲು ಹೋದುದು ಸಿಯಾಟಲಿನ ಬಳಿಯಿದ್ದ ಮೈಕ್ರೊಸಾಫ್ಟಿಗೆ. ಅಲ್ಲಿನ ಬಿಲ್ ಗೇಟ್ಸ್ ಅವರೇ ಕಿಲ್ಡಾಲರ ಬಾಗಿಲನ್ನು ತೋರಿಸಿದರು. ಐಬಿಎಂ ಪ್ರತಿನಿಧಿಗಳು ಪೆಸಿಫಿಕ್ ಗ್ರೋವಿಗೆ ಬಂದ ಬೆಳಿಗ್ಗೆ ಕಿಲ್ಡಾಲರು ತಮ್ಮ ವಿಮಾನದಲ್ಲಿ ಇನ್ನೊಬ್ಬ ಗಿರಾಕಿಯನ್ನು ಕಾಣಲು ಹೋಗಿದ್ದರು. ಕರಾರಿನ ಮಾತುಕತೆ ಎಂದಿನಂತೆ ಡೊರೊತಿಯ ಪಾಲಿಗಿತ್ತು. ಬಂದವರು ಮೊದಲಿಗೆ ಒಂದು ಕಾಗದವನ್ನು ಮುಂದಿಟ್ಟರು. ತಾವು ಹೇಳಿದುದನ್ನೆಲ್ಲ ಕಿಲ್ಡಾಲರ ಕಂಪನಿ ಗುಟ್ಟಾಗಿಡಬೇಕು. ಆದರೆ ಅವರು ಹೇಳಿದುದನ್ನು ಗುಟ್ಟಾಗಿಡುವ ಹೊಣೆ ತಮಗಿಲ್ಲ, ಎಂಬುದು ಅದರ ಸಾರ. ವಕೀಲರ ಸಲಹೆ ಕೇಳಿ ಡೊರೊತಿ ಸಹಿ ಹಾಕಲಿಲ್ಲ. ಮಧ್ಯಾಹ್ನ ಕಿಲ್ಡಾಲರು ಹಿಂದಿರುಗಿದ ಮೇಲೆ ನಡೆದುದೇನೆಂಬ ವಿಷಯದಲ್ಲಿ ಎರಡು ಪಕ್ಷದವರ ಹೇಳಿಕೆಗಳೂ ಕೂಡುವುದಿಲ್ಲ. ಇಷ್ಟಂತೂ ನಿಜ: ಐಬಿಎಂ ಒಂದೇ ಗಂಟಿನಲ್ಲಿ ಹಣ ಕೊಟ್ಟು ಮುಗಿಸಲು ಬಯಸಿತು, ಕಿಲ್ಡಾಲರ ಪದ್ಧತಿಯೋ ಮಾರಿದ ಪ್ರತಿಯೊಂದು ಪ್ರತಿಗೂ ಪಾಲು ಪಡೆಯುವುದು. ಒಪ್ಪಂದವಾಗಲಿಲ್ಲ.

ಓದುಬರಹ ಬಲ್ಲವರಲ್ಲಿಯೂ ಕೆಲವರು ಆ ಕಾಗದಕ್ಕೆ ಸಹಿ ಹಾಕದುದನ್ನು ಮೂರ್ಖತನವೆನ್ನುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಒಪ್ಪಂದದಲ್ಲಿ ಏನು ಬರೆದಿದೆಯೆಂದು ಕೇಳದೆ ದೊಡ್ಡವರ ಮುಖ ನೋಡಿ ಹೆಬ್ಬೆಟ್ಟು ಒತ್ತಿದವರ ಪಾಡೇನಾಯಿತೆಂಬುದು ಕೆಲಸ ಹುಡುಕಿ ಪರಊರಿಗೆ ಬಂದ ನಮಗೆ ಗೊತ್ತಿಲ್ಲದುದೇ? ಆಕೆ ಮಾಡಿದುದು ಒಬ್ಬ ಜವಾಬ್ದಾರಿಯುಳ್ಳ ವ್ಯವಹಾರಸ್ಥೆ ಮಾಡಬೇಕಾದುದನ್ನೇ. ನಷ್ಟವಾಯಿತೆಂಬ ಮಾತ್ರಕ್ಕೆ ನಡತೆ ತಪ್ಪಾಗುವುದಿಲ್ಲ.

ನಷ್ಟವಂತೂ ಅಪಾರವಾಗಿತ್ತು. ಐಬಿಎಂ ಮತ್ತೆ ಮೈಕ್ರೊಸಾಫ್ಟಿಗೇ ಹೋಯಿತು. ಸಿಯಾಟಲಿನ ಇನ್ನೊಂದು ಚಿಕ್ಕ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಎಂಬ ಯುವಕರು, ಹೊಸ ಚೂರಿಗೆ ಸಿಪಿ/ಎಂ ಇನ್ನೂ ಬಾರದೆ ಕೆಲಸ ನಿಂತುದರಿಂದ, ಅದರ ಕೈಪಿಡಿಯನ್ನು ಮುಂದಿಟ್ಟುಕೊಂಡು ಅದೇ ಆಜ್ಞೆಗಳಿಗೆ ಓಗೊಡುವ ವ್ಯವಸ್ಥೆಯೊಂದನ್ನು ಬರೆದಿದ್ದರು. ಮೈಕ್ರೊಸಾಫ್ಟ್ ಅದನ್ನು ಕೊಂಡು, ತಿದ್ದಿ, ಐಬಿಎಮ್ಮಿಗೆ ಕೊಟ್ಟಿತು. ಬೇರೆ ತಯಾರಕರಿಗೂ ಮಾರುವ ಹಕ್ಕನ್ನು ಮಾತ್ರ ಜಾಣತನದಿಂದ ತನ್ನ ಬಳಿಯೇ ಉಳಿಸಿಕೊಂಡಿತು. ಅದೇ ಡಾಸ್. ತಮ್ಮ ವ್ಯವಸ್ಥೆಯ ಪಡಿಯಚ್ಚನ್ನು ಕಂಡು ಕಿಲ್ಡಾಲರು ಆಕ್ಷೇಪಿಸಿದಾಗ ಐಬಿಎಂ ಅವರ ಸಿಪಿ/ಎಂ ೮೬ನ್ನೂ ಮಾರಾಟಕ್ಕಿಡಲು ಒಪ್ಪಿತು. ಪ್ರೋಗ್ರಾಮುಗಳಿಗೆ ಕೃತಿಸ್ವಾಮ್ಯ ಎಷ್ಟರ ಮಟ್ಟಿಗೆ ಸಲ್ಲುತ್ತದೆಯೆಂಬ ಕಾನೂನು ಆಗ ಇನ್ನೂ ಮಸುಕಾಗಿತ್ತು. ಕೋರ್ಟಿಗೆ ಹೋಗದೆ ಅವರು ತೃಪ್ತರಾದರು. ಅಂಗಡಿಯಲ್ಲಿ ಬೆಲೆ ನೋಡಿದಾಗ ಡಾಸಿಗೆ ೪೦ ಡಾಲರು, ಸಿಪಿ/ಎಮ್ಮಿಗೆ ೨೪೦ ಡಾಲರು! ಕೊಳ್ಳುವವನು ಯಾವುದನ್ನು ಕೊಂಡನೆಂದು ಹೇಳಬೇಕಾಗಿಲ್ಲ. ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು. ೨೦೧೨ರಲ್ಲಿ ಎರಡೂ ಪ್ರೋಗ್ರಾಮುಗಳ ಸಾಲುಗಳನ್ನು ತಾಳೆ ನೋಡಿದ ತಜ್ಞರೊಬ್ಬರಿಗೆ ಸಾಲು ಕದ್ದ ಕುರುಹು ಕಾಣಲಿಲ್ಲ. ಹೊರಗಿನ ರೂಪ ಕಿಲ್ಡಾಲರದು, ಒಳಗಿನ ಬರಹ ಪ್ಯಾಟರ್ಸನರದು ಎಂದರೆ ಇಬ್ಬರಿಗೂ ನ್ಯಾಯ ಸಲ್ಲಿಸಿದಂತಾದೀತು.

ಅಂದು ಮನೆಗಳಲ್ಲಿದ್ದ ಯಂತ್ರಗಳ ಭವಿಷ್ಯವಾದರೂ ಏನಾದೀತೆಂದು ಹೇಳುವುದು ಯಾರಿಗೂ ಸುಲಭವಾಗಿರಲಿಲ್ಲ. ಬ್ರಿಟನ್ನಿನ ಸ್ಪೆಕ್ಟ್ರಮ್, ಬಿಬಿಸಿ ಮೈಕ್ರೊ, ಅಮೆರಿಕದ ಕಮೊಡೋರ್ ೬೪ ಇವೆಲ್ಲ ತಮ್ಮ ತಮ್ಮ ವ್ಯವಸ್ಥೆಯನ್ನು ಅಳಿಸಲಾಗದ ಚೂರಿನಲ್ಲಿ ಕೆತ್ತಿಕೊಂಡು ಬಂದಿದ್ದುವು. ಒಂದರ ಆಟ ಇನ್ನೊಂದರಲ್ಲಿ ನಡೆಯದು. ದೌಂಡದ ನೆರೆಯ ಪುಣೆಯಲ್ಲಿಯೇ ೧೯೮೮ರ ಸುಮಾರಿಗೆ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿಯವರು ಪರವಾನಗಿ ಪಡೆದು ಡಿಬಿ ಸ್ಪೆಕ್ಟ್ರಮ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. ಮನೆಯ ಟೆಲಿವಿಷನ್ನಿಗೆ ತಗುಲಿಸಿ, ಹಾಡಿನ ಕ್ಯಾಸೆಟ್ಟಿನಲ್ಲಿಯೇ ಪ್ರೋಗ್ರಾಮನ್ನು ತುಂಬಿಡುವ ಯಂತ್ರ ಅದು. ಅದರೊಳಗೆ ಇದ್ದುದು ಸಿಪಿ/ಎಂ ನಡೆಸುವ ಯಂತ್ರಗಳಲ್ಲಿದ್ದ ಜೈಲಾಗ್ ಝಡ್ ೮೦ ಚೂರೇ. ಆದರೂ ಸಿಪಿ/ಎಂ ಅಲ್ಲಿ ನಡೆಯಲಾರದು. ಏಕೆಂದರೆ ನೆನಪಿನ ಮೊದಲನೆಯ ಮನೆ ಬರೆಯಬಲ್ಲದ್ದಾಗಿರಬೇಕೆಂದು ಸಿಪಿ/ಎಂ ಬೇಡುತ್ತದೆ, ಸ್ಪೆಕ್ಟ್ರಮ್ಮಿನಲ್ಲಿ ಅಲ್ಲಿಯೇ ಅಳಿಸಲಾಗದ ಚೂರು ಕುಳಿತಿದೆ. ಬ್ರಿಟನ್ನಿನಲ್ಲಿ ೧೯೮೭ರಲ್ಲಿ ಬಂದ ಸ್ಪೆಕ್ಟ್ರಮ್ಮಿನ ಕಡೆಯ ರೂಪದಲ್ಲಿ ತಟ್ಟೆಯ ಪೆಟ್ಟಿಗೆಯನ್ನು ಸೇರಿಸಿ ಈ ತೊಡಕನ್ನು ನಿವಾರಿಸಿದರು. ಕಿಲ್ಡಾಲರ ವ್ಯವಸ್ಥೆ ಅದರಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಕೆಲವೇ ವರ್ಷಗಳಲ್ಲಿ ಇಂಥ ಬಿಡಿ ಬಿಡಿ ಯಂತ್ರಗಳೆಲ್ಲ ಅಟ್ಟವನ್ನು ಸೇರಿದುವು. ಉಳಿದುದು ಒಲೆಯನ್ನೂ ಅಡುಗೆಯನ್ನೂ ಬೇರ್ಪಡಿಸಿದ ಕಿಲ್ಡಾಲರ ಪದ್ಧತಿ, ಡಾಸಿನ ಹೆಸರಿನಲ್ಲಿ.

ಆ ಪದ್ಧತಿಯ ಗುಣ ಕನ್ನಡಕ್ಕೂ ಒದಗಿತು. ಡಾಸಿಗೆ ಇಂಗ್ಲಿಷಿನ ಅಕ್ಷರಗಳಷ್ಟೇ ಗೊತ್ತು. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ, ಕೀಲಿಗೂ ತೆರೆಗೂ ನಡುವೆ ಅದು ನಿಂತು, ಮೇಲಿನ ಪ್ರೋಗ್ರಾಮಿಗೆ ತಿಳಿಯದಂತೆಯೇ ಕನ್ನಡ, ದೇವನಾಗರಿ, ತಮಿಳು ಮೊದಲಾದ ಲಿಪಿಗಳನ್ನು ಮೂಡಿಸುತ್ತಿತ್ತು. ಡಿಬೇಸಿನಲ್ಲಿ ಕನ್ನಡದ ಹೆಸರುಗಳ ಪಟ್ಟಿ ಇಡುವುದು ಹೀಗೆ ಸಾಧ್ಯವಾಯಿತು. ಕಿಲ್ಡಾಲರಿಗೆ ಕನ್ನಡವೆಂಬ ಭಾಷೆಯ ಹೆಸರು ತಿಳಿದಿತ್ತೋ ಇಲ್ಲವೋ; ಪದರ ಪದರವಾಗಿ ಕಟ್ಟಿದ ಮನೆಯಲ್ಲಿ ಹೊಸಬರಿಗೂ ಒಂದು ಕೋಣೆ ಸಿಕ್ಕಿತು.

ಸೋತವರು ಕೈಕಟ್ಟಿ ಕೂರಲಿಲ್ಲವೆಂಬುದನ್ನು ಮರೆಯಬಾರದು. ಏಕಕಾಲದಲ್ಲಿ ಹಲವು ಕೆಲಸಗಳನ್ನು ನಡೆಸುವ ವ್ಯವಸ್ಥೆಯನ್ನು ಅವರ ಕಂಪನಿ ಡಾಸಿಗಿಂತ ಮೊದಲೇ ಸಾಧಿಸಿ ತೋರಿಸಿತು. ಅಂಗಡಿ ಗಲ್ಲೆಯ ಬಿಲ್ಲು ಯಂತ್ರಗಳಿಗೆ ವ್ಯವಸ್ಥೆಯನ್ನು ಹುಡುಕಿಕೊಂಡು ಐಬಿಎಂ ಕಡೆಗೆ ಬಂದುದು ಡಿಜಿಟಲ್ ರಿಸರ್ಚಿನ ಬಳಿಗೇ. ಚಿತ್ರಗಳ ಮೂಲಕ ಯಂತ್ರವನ್ನು ನಡೆಸುವ ಜೆಮ್, ಡಾಸಿಗೆ ಪ್ರತಿಸ್ಪರ್ಧಿಯಾಗಿ ೧೯೮೮ರಲ್ಲಿ ಬಂದ ಡಿಆರ್ ಡಾಸ್ ಅದೇ ಕಂಪನಿಯವು. ಕಿಲ್ಡಾಲರು ಸ್ವತಃ ಬೇರೊಂದು ಸಂಸ್ಥೆಯನ್ನು ತೆರೆದು, ಇಡೀ ವಿಶ್ವಕೋಶವನ್ನು ಒಂದು ಹೊಳೆಯುವ ತಟ್ಟೆಯಲ್ಲಿ ತುಂಬಿ ೧೯೮೫ರ ಸುಮಾರಿಗೆ ಮಾರಾಟಕ್ಕೆ ತಂದರು. ಟೆಲಿವಿಷನ್ನಿನಲ್ಲಿ ಗಣಕಯಂತ್ರದ ವಾರದ ಕಾರ್ಯಕ್ರಮವೊಂದರಲ್ಲಿ ೧೯೯೦ರವರೆಗೂ ಕುಳಿತು, ಬಂದವರ ಹೊಸ ಯಂತ್ರಗಳನ್ನು ಮಗುವಿನ ಕುತೂಹಲದಿಂದ ಪರೀಕ್ಷಿಸುತ್ತಿದ್ದರು. ಬಂದವರಲ್ಲಿ ಪ್ರತಿಸ್ಪರ್ಧಿಗಳೂ ಇರುತ್ತಿದ್ದರು. ಅವರನ್ನು ಚುಚ್ಚಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

ಆದರೆ ಮನೆಯ ಬದುಕು ಒಡೆಯಿತು. ಡೊರೊತಿಯೊಡನೆ ೧೯೮೩ರಲ್ಲಿ ವಿಚ್ಛೇದನವಾಯಿತು. ಎರಡನೆಯ ವಿವಾಹವೂ ಬಾಳಲಿಲ್ಲ. ೧೯೯೧ರಲ್ಲಿ ಡಿಜಿಟಲ್ ರಿಸರ್ಚನ್ನು ನೊವೆಲ್ ಎಂಬ ಕಂಪನಿ ಕೊಂಡಿತು. ಹಣಕ್ಕೆ ಕೊರತೆಯಿರಲಿಲ್ಲ. ಟೆಕ್ಸಾಸಿನ ಆಸ್ಟಿನ್ ಬಳಿ ಸರೋವರದ ಮನೆ, ವಿಮಾನ, ದೋಣಿ, ಹಲವು ಮೋಟಾರು ಗಾಡಿಗಳು ಎಲ್ಲವೂ ಇದ್ದುವು. ಹೋದಲ್ಲೆಲ್ಲ ಎದುರಾಗುತ್ತಿದ್ದುದು ಒಂದೇ ಪ್ರಶ್ನೆ: ಐಬಿಎಂ ಬಂದ ದಿನ ನೀವು ವಿಮಾನ ಹಾರಿಸುತ್ತಿದ್ದಿರಂತೆ, ಹೌದೇ? ೧೯೯೨ರಲ್ಲಿ ಅವರು ಓದಿದ ವಿಶ್ವವಿದ್ಯಾನಿಲಯವೇ ತನ್ನ ಗಣಕ ವಿಭಾಗದ ವಾರ್ಷಿಕೋತ್ಸವಕ್ಕೆ ಅವರನ್ನು ಅತಿಥಿಯಾಗಿ ಕರೆದು, ಮುಖ್ಯ ಭಾಷಣಕ್ಕೆ ಬಿಲ್ ಗೇಟ್ಸ್ ಅವರನ್ನು ಆರಿಸಿತು. ಅಲ್ಲಿ ಡಾಕ್ಟರೇಟು ಪಡೆದವರು ಕಿಲ್ಡಾಲರು. ಗೇಟ್ಸರು ಆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೇ ಅಲ್ಲ. ಈ ನೋವಿನಲ್ಲಿ ಕಿಲ್ಡಾಲರು ತಮ್ಮ ಆತ್ಮಕಥೆಯನ್ನು ಬರೆಯತೊಡಗಿದರು. ಕುಡಿತವೂ ಹೆಚ್ಚಿತು. ೧೯೯೪ನೆಯ ಜುಲೈ ೮ರಂದು ಮಾಂಟೆರೆಯ ಪಾನಗೃಹವೊಂದರಲ್ಲಿ ತಲೆಗೆ ಪೆಟ್ಟಾಯಿತು. ಬಿದ್ದುದು ಹೇಗೆಂಬುದು ಪೂರ್ಣವಾಗಿ ಇತ್ಯರ್ಥವಾಗಲೇ ಇಲ್ಲ. ಮೂರು ದಿನಗಳ ಮೇಲೆ, ಜುಲೈ ೧೧ರಂದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ದೇಹವನ್ನು ಹುಟ್ಟೂರು ಸಿಯಾಟಲಿಗೆ ಒಯ್ದು ಮಣ್ಣು ಮಾಡಿದರು. ಡೊರೊತಿ ೨೦೦೫ರಲ್ಲಿ ಗತಿಸಿದಳು.

ನಮ್ಮ ಗುಮಾಸ್ತರು ನಾಳೆ ಬೆಳಿಗ್ಗೆ ಕಚೇರಿಯ ಗಣಕಯಂತ್ರವನ್ನು ತೆರೆದಾಗ ಕಡತಗಳಿರುವ ಕೋಠಿಗೆ ಸಿ ಎಂಬ ಅಕ್ಷರವಿರುವುದನ್ನು ಗಮನಿಸಲಿ. ಎ ಮತ್ತು ಬಿ ಎಲ್ಲಿ ಹೋದುವೆಂದು ಹಲವರು ಕೇಳುವುದುಂಟು. ಅವು ಕಿಲ್ಡಾಲರ ಕಾಲದ ಎರಡು ಮೆದುತಟ್ಟೆಗಳ ಹೆಸರುಗಳು. ಕಡತದ ಹೆಸರಿನ ಕೊನೆಗೆ ಚುಕ್ಕೆಯಿಟ್ಟು ಮೂರಕ್ಷರ ಸೇರಿಸುವ ರೂಢಿಯೂ ಸಿಪಿ/ಎಮ್ಮಿನಿಂದ ಡಾಸಿಗೆ, ಡಾಸಿನಿಂದ ವಿಂಡೋಸಿಗೆ ನಡೆದು ಬಂದುದೇ.

ಸಿಪಿ/ಎಮ್ಮಿನ ಮೂಲ ಬರಹವನ್ನು ಅದರ ನಲವತ್ತನೆಯ ವರ್ಷವಾದ ೨೦೧೪ರಲ್ಲಿ ಕ್ಯಾಲಿಫೋರ್ನಿಯದ ಗಣಕಯಂತ್ರ ವಸ್ತುಸಂಗ್ರಹಾಲಯ ಸಾರ್ವಜನಿಕರ ಅಭ್ಯಾಸಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಲೈಟ್‌ಹೌಸ್ ರಸ್ತೆಯ ಹಳೆಯ ಮನೆಯ ಮುಂದೆ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯಾದ ಐಇಇಇ ಒಂದು ಕಂಚಿನ ಫಲಕವನ್ನು ಹಾಕಿಸಿತು. ಆತ್ಮಕಥೆಯ ಮೊದಲ ಭಾಗವನ್ನು ಮಕ್ಕಳು ೨೦೧೬ರಲ್ಲಿ ಹೊರತಂದರು. ತಂದೆ ಬಳಲಿಕೆಯ ದಿನಗಳಲ್ಲಿ ಬರೆದ ಉಳಿದ ಅಧ್ಯಾಯಗಳನ್ನು ಅವರು ಪ್ರಕಟಿಸದೆ ತಮ್ಮಲ್ಲಿಯೇ ಇರಿಸಿಕೊಂಡರು.